ಪರದೆ, ಬ್ಯಾಟರಿ ಬದಲಿಸಿದ ಹಳೆಯ ಫೋನ್: ಐದು ತಿಂಗಳ ಬಳಕೆಯ ನಂತರ

ಮೂರು ವರ್ಷ ಬಳಸಿದ ನನ್ನ ಫೋನ್ ಕೈಜಾರಿ ಬಿದ್ದಾಗ ಮೇಲಿನ ಗಾಜಷ್ಟೇ ಸೀಳಿದೆ ಎಂದುಕೊಂಡಿದ್ದೆ. ಮರುದಿನ ಪರದೆಯ ಅಂಚಿನಲ್ಲಿ ಹಸಿರು ಗೆರೆಯೊಂದು ಮೂಡಿತು. ಸಂಜೆಯ ವೇಳೆಗೆ ಕೆಳಗಿನ ಕಾಲುಭಾಗದಲ್ಲಿ ಟಚ್ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಹೊಸದನ್ನು ಕೊಳ್ಳುವ ಬದಲು ಪರದೆಯನ್ನೂ ಬ್ಯಾಟರಿಯನ್ನೂ ಬದಲಿಸಿಕೊಂಡು ಐದು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ರಿಪೇರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸುವ ಮೊದಲು ಈ ಫೋನಿಗೆ ಭದ್ರತಾ ಅಪ್‌ಡೇಟ್ ಇನ್ನೆಷ್ಟು ದಿನ ಬರುತ್ತದೆ ಎಂಬುದನ್ನು ನೋಡಿಕೊಂಡೆ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ತಯಾರಕರು 7 ವರ್ಷಗಳ ಅಪ್‌ಡೇಟ್ ಭರವಸೆ ಕೊಟ್ಟಿದ್ದಾರೆ. ಎಲ್ಲ ಫೋನುಗಳಿಗೂ ಆ ಭಾಗ್ಯವಿಲ್ಲ. ನನ್ನದಕ್ಕೆ ಎರಡು ವರ್ಷ ಉಳಿದಿತ್ತು. ಅದು ಮುಗಿದುಹೋಗಿದ್ದರೆ, ಹಣಕಾಸಿನ ವ್ಯವಹಾರವೆಲ್ಲ ಅದರಲ್ಲೇ ನಡೆಯುವುದರಿಂದ, ಪರದೆಗೆ ಖರ್ಚು ಮಾಡುತ್ತಲೇ ಇರಲಿಲ್ಲ.

ನಿಜವಾದ ಗೊಂದಲ ಎದುರಾದದ್ದು ಪರದೆಯ ಆಯ್ಕೆಯಲ್ಲಿ. ಒಂದೇ ಮಾದರಿಯ ಫೋನಿಗೆ ಮೂರು ಬಗೆಯ ಪರದೆಗಳನ್ನು ಮೂರು ದರದಲ್ಲಿ ಹೇಳಿದರು, ಅವುಗಳಲ್ಲಿ ತೀರಾ ಅಗ್ಗದ್ದು ಎಲ್‌ಸಿಡಿ. ಮೂಲ ಓಎಲ್‌ಇಡಿ ಪರದೆಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನಿಂದ ದೀಪ ಉರಿಯುತ್ತಿರಬೇಕಾದ್ದರಿಂದ ಕಪ್ಪು ಬೂದಿಬಣ್ಣಕ್ಕೆ ತಿರುಗುವುದಷ್ಟೇ ಅಲ್ಲದೆ ಪರದೆಯ ದಪ್ಪವೂ ಹೆಚ್ಚುತ್ತದೆ, ಪರದೆಯಡಿಯ ಬೆರಳಚ್ಚು ಸೆನ್ಸರ್ ಸಾಮಾನ್ಯವಾಗಿ ಕುರುಡಾಗುತ್ತದೆ. ಇದನ್ನು ನಾನು ಕೇಳುವ ಮೊದಲೇ ರಿಪೇರಿಯವರು ಬಿಡಿಸಿ ಹೇಳಿದರು, ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದೇ ಅಲ್ಲಿ. ಓಎಲ್‌ಇಡಿಯನ್ನೇ ಹಾಕಿಸಿದೆ. ಬ್ಯಾಟರಿಯೂ ಸೇರಿ ಆದ ವೆಚ್ಚ, ಅದೇ ದರ್ಜೆಯ ಹೊಸ ಫೋನಿನ ಬೆಲೆಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದು ಅರ್ಧ ದಾಟಿದ್ದರೆ ನಾನು ಹಿಂದೆ ಸರಿಯುತ್ತಿದ್ದೆ.

ಬ್ಯಾಟರಿಯ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. 2025ರ ಜೂನ್ 20ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮ ಕೂಡ, 800 ಬಾರಿ ಪೂರ್ತಿ ಚಾರ್ಜ್ ಆಗಿ ಬರಿದಾದ ನಂತರ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕು ಎಂದಷ್ಟೇ ಕೇಳುತ್ತದೆ. ಮೂರು ವರ್ಷ ಹೆಚ್ಚೂಕಡಿಮೆ ದಿನಕ್ಕೊಮ್ಮೆ ಚಾರ್ಜ್ ಕಂಡ ನನ್ನ ಬ್ಯಾಟರಿ ಆ ಲೆಕ್ಕವನ್ನು ದಾಟಿತ್ತು, ಹೇಗಿದ್ದರೂ ಫೋನ್ ಬಿಚ್ಚುತ್ತಿದ್ದರು. ಈಗ ರಾತ್ರಿಯವರೆಗೂ ಚಾರ್ಜ್ ಉಳಿಯುತ್ತದೆ.

ಸೇವೆಯಲ್ಲಿ ಕೊರತೆಗಳೂ ಇದ್ದವು. ಒಂದೇ ದಿನದಲ್ಲಿ ಕೊಡುವುದಾಗಿ ಹೇಳಿ ಮೂರು ದಿನ ತೆಗೆದುಕೊಂಡರು. ಬಲ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಸಂದು ಉಳಿದಿತ್ತು. ಹಿಂತಿರುಗಿಸಿದಾಗ ತಕರಾರಿಲ್ಲದೆ ಮತ್ತೆ ಅಂಟು ಹಾಕಿಕೊಟ್ಟರು, ಆದರೆ ಮೊದಲಿನಂತೆ ನೀರು ತಡೆಯುತ್ತದೆಂಬ ಹೊಣೆಯನ್ನು ಮಾತ್ರ ಹೊರಲಿಲ್ಲ. ಒಮ್ಮೆ ಬಿಚ್ಚಿದ ಫೋನಿನ ಬಗ್ಗೆ ಅಂಥ ಹೊಣೆ ಹೊರುವವರನ್ನು ನಾನೂ ನಂಬುತ್ತಿರಲಿಲ್ಲ. ಸ್ಕ್ರೀನ್ ಲಾಕ್ ಸಂಖ್ಯೆ ಕೇಳಿದ್ದು ಸರಿಯೆನಿಸಲಿಲ್ಲ. ನನ್ನ ಫೋನಿನಲ್ಲಿ ಖಾಸಗಿ ಮಾಹಿತಿಯನ್ನು ಮುಚ್ಚಿಡುವ ರಿಪೇರಿ ಮೋಡ್ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಬ್ಯಾಕಪ್ ಮಾಡಿ, ಅಳಿಸಿಯೇ ಕೊಟ್ಟಿದ್ದೆ. ಸತ್ತ ಕಾಲುಭಾಗದ ಗುಂಡಿಗಳನ್ನು ಒತ್ತಲು ಫೋನನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸುತ್ತ ಅದಕ್ಕೇ ಒಂದು ಸಂಜೆ ಕಳೆಯಿತು.

ನೀರು ಹೊಕ್ಕು ಮದರ್‌ಬೋರ್ಡ್ ಕೆಟ್ಟಿದ್ದರೆ ನನ್ನ ತೀರ್ಮಾನ ಬೇರೆಯೇ ಆಗುತ್ತಿತ್ತು. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಬೋರ್ಡಿಗೆ ಹಿಡಿದ ತುಕ್ಕು ಹೋಗುವುದಿಲ್ಲ, ಬೋರ್ಡ್ ಒಮ್ಮೆ ಓಡಿದರೂ ನಾಳೆ ಓಡೀತೆಂಬ ಖಾತ್ರಿಯಿಲ್ಲ. ಈಗಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿದ್ದು ಅದರ ಕೀಲಿ ಅದೇ ಫೋನಿನ ಪ್ರೊಸೆಸರಿಗೆ ಬೆಸೆದುಕೊಂಡಿರುವುದರಿಂದ, ಮೆಮೊರಿ ಚಿಪ್ಪನ್ನು ಕಿತ್ತು ಬೇರೆಡೆ ಓದಲಾಗದು. ಬ್ಯಾಕಪ್ ಇಲ್ಲದವರು ಫೋಟೊಗಳಿಗಾಗಿ ಬೋರ್ಡನ್ನು ಒಮ್ಮೆ ಎಬ್ಬಿಸಿಕೊಳ್ಳಬಹುದು, ಬಳಕೆಗೆ ಹೊಸದನ್ನೇ ಕೊಳ್ಳಬೇಕು.

ಈ ರಿಪೇರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಪರದೆ ಇನ್ನೊಮ್ಮೆ ಒಡೆದರೆ ಮಾತ್ರ ಮತ್ತೆ ಅಲ್ಲಿಗೆ ಒಯ್ಯುವುದಿಲ್ಲ. ಅಪ್‌ಡೇಟಿಗೆ ಉಳಿದಿರುವುದು ಒಂದೂವರೆ ವರ್ಷವಷ್ಟೆ.