ಅಟಾರಿ 5200 ಕಂಟ್ರೋಲರ್: ಬಿಚ್ಚಿ, ರಿಪೇರಿ ಮಾಡಿ, ಇನ್ನೊಂದನ್ನು ಕಟ್ಟಿ, ಮೂರು ವರ್ಷ ಆಡಿದ ಮೇಲೆ

ಅಟಾರಿ 5200 ಅನ್ನುವ ಹಳೇ ವಿಡಿಯೊ ಗೇಮ್ ಕನ್ಸೋಲಿನ ಕಂಟ್ರೋಲರ್ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವುದು ಬೈಗುಳ. ಸ್ಟಿಕ್ ಬಿಟ್ಟರೆ ಅದು ನಡುವಿಗೆ ವಾಪಸ್ ಬರುವುದಿಲ್ಲ, ಎಲ್ಲಿ ಬಿಟ್ಟಿರೋ ಅಲ್ಲೇ ವಾಲಿಕೊಂಡಿರುತ್ತದೆ. ಎಲ್ಲರ ದೂರು ಅದೇ. ಮೂರು ವರ್ಷ ಬಳಸಿದ ಮೇಲೆ ನನಗನ್ನಿಸಿದ್ದು, ಪಾಪ, ಸ್ಟಿಕ್‌ಗೆ ಸುಮ್ನೆ ಕೆಟ್ಟ ಹೆಸರು. ಕಾಟ ಕೊಡುವುದು ಬಟನ್‌ಗಳ ಕೆಳಗಿರುವ ಒಂದು ತೆಳು ಹಾಳೆ.

5200 ಬಂದಿದ್ದು 1982ರಲ್ಲಿ, ನಿಂತಿದ್ದು 1984ರಲ್ಲಿ. ಊರಲ್ಲಿದ್ದಾಗ ಇದರ ಹೆಸರನ್ನೂ ನಾನು ಕೇಳಿರಲಿಲ್ಲ. ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದ ಮೇಲೆ, ಅಟಾರಿ ಕಂಪನಿ ಇದ್ದದ್ದು ಇದೇ ಊರಲ್ಲಿ ಅಂತ ಗೊತ್ತಾಗಿ ಕುತೂಹಲ ಹುಟ್ಟಿತು. ಒಂದು ಶನಿವಾರ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಧೂಳು ಹಿಡಿದ ಕನ್ಸೋಲ್, ಎರಡು ಕಂಟ್ರೋಲರ್, ನಾಲ್ಕು ಗೇಮ್ ಸೇರಿ 40 ಡಾಲರ್‌ಗೆ ಸಿಕ್ಕಿತು. ಕನ್ಸೋಲ್ ಎಷ್ಟು ದೊಡ್ಡದೆಂದರೆ, ಹೆಂಡತಿ ಅದನ್ನು ನೋಡಿ ಯಾರದೋ ಹಳೇ ವಿಸಿಆರ್ ಹೊತ್ತು ತಂದಿದ್ದೇನೆ ಅಂದುಕೊಂಡಳು.

ಟಿವಿಗೆ ಹಾಕಿದರೆ ಚಿತ್ರ ಬಂತು. ಆಟ ಮಾತ್ರ ಶುರುವಾಗಲಿಲ್ಲ. ಇದರಲ್ಲಿ ಆಟ ಶುರು ಮಾಡುವ ಸ್ಟಾರ್ಟ್ ಬಟನ್ ಇರುವುದು ಕನ್ಸೋಲ್ ಮೇಲಲ್ಲ, ಕಂಟ್ರೋಲರ್ ಮೇಲೆ. ಅದು ಸತ್ತರೆ ಇಡೀ ಪೆಟ್ಟಿಗೆ ಸತ್ತ ಹಾಗೆಯೇ.

ಕಂಟ್ರೋಲರ್ ನೋಡಲು ದಪ್ಪ ಟಿವಿ ರಿಮೋಟ್ ಇದ್ದ ಹಾಗಿದೆ. ಮೇಲ್ಗಡೆ ಸ್ಟಿಕ್, ಅದರ ಕೆಳಗೆ ಸ್ಟಾರ್ಟ್, ಪಾಸ್ (ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು), ರೀಸೆಟ್. ಆಮೇಲೆ ಫೋನಿನಲ್ಲಿರುವಂತೆ 12 ಕೀಗಳು. ಎಡಬಲ ಪಕ್ಕಗಳಲ್ಲಿ ಎರಡೆರಡು ಫೈರ್ ಬಟನ್. ಒಳಗೂ ಟಿವಿ ರಿಮೋಟಿನ ಕಥೆಯೇ. ಬಟನ್ ಒತ್ತಿದರೆ ಅಡಿಯಲ್ಲಿರುವ ಕರಿ ಇಂಗಾಲದ ಚುಕ್ಕೆ ಕೆಳಗಿನ ಹಾಳೆಯನ್ನು ಮುಟ್ಟುತ್ತದೆ, ಸರ್ಕ್ಯೂಟ್ ಕೂಡುತ್ತದೆ. ಹಾಳೆ ಮಡಚಬಹುದಾದ ಪ್ಲಾಸ್ಟಿಕ್‌ನದು. ಅದರ ಎರಡು ರೆಕ್ಕೆಗಳು ಬಾಗಿ ಪಕ್ಕದ ಫೈರ್ ಬಟನ್‌ಗಳ ತನಕ ಹೋಗಿವೆ. 40 ವರ್ಷದಲ್ಲಿ ಆ ಇಂಗಾಲ ಕೆಲಸ ಬಿಟ್ಟಿರುತ್ತದೆ. ಆಡದೆ ಸುಮ್ನೆ ಎತ್ತಿಟ್ಟಿದ್ದರೂ ಅಷ್ಟೇ.

ನಮ್ಮ ಮನೆಯಲ್ಲಿ ರಿಮೋಟ್ ಕೆಟ್ಟರೆ ಅಪ್ಪ ಬಟನ್ ಕೆಳಗೆ ಪೆನ್ಸಿಲ್ ಸೀಸ ಉಜ್ಜುತ್ತಿದ್ದರು. ನಾನೂ ಮೊದಲು ಅದನ್ನೇ ಮಾಡಿದೆ. ಮೂರು ವಾರ ಬಂತು. ಆಮೇಲೆ ಸಣ್ಣ ಅಲ್ಯೂಮಿನಿಯಂ ಫಾಯಿಲ್ ಚೂರುಗಳನ್ನು ಅಂಟಿಸಿದೆ. ಎರಡು ತಿಂಗಳಾಗುವಷ್ಟರಲ್ಲಿ ಒಂದೊಂದಾಗಿ ಉದುರಿ ಒಳಗೇ ಓಡಾಡತೊಡಗಿದವು. ಪಾಸ್ ಒತ್ತಿದರೆ ರೀಸೆಟ್ ಆಗುತ್ತಿತ್ತು!

ಕೊನೆಗೆ ಚಿನ್ನದ ಲೇಪ ಇರುವ ಬದಲಿ ಹಾಳೆ ಮತ್ತು ಚುಕ್ಕೆಗಳ ಕಿಟ್ ತರಿಸಿದೆ. ಈ ಕನ್ಸೋಲ್ ಇಟ್ಟುಕೊಂಡವರೆಲ್ಲ ಹೇಳುವ ಮದ್ದು ಅದೇ. ಸೋಲ್ಡರಿಂಗ್ ಇಲ್ಲ, ಆದರೆ ತಾಳ್ಮೆ ಬೇಕು. ರೆಕ್ಕೆಗಳನ್ನು ಬಗ್ಗಿಸುವಾಗ ಗೆರೆ ಬಿದ್ದರೆ ಒಳಗಿನ ದಾರಿ ಮುರಿಯುತ್ತದೆ. ಮೊದಲ ಸಲ ನಾನು ಮುರಿದೆ, ಇನ್ನೊಂದು ಹಾಳೆ ತರಿಸಬೇಕಾಯಿತು. ಎರಡನೆಯದು ಹಾಕಿ ಈಗ ಮೂರು ವರ್ಷ. ಇವತ್ತಿನವರೆಗೆ ಒಂದು ಬಟನ್ ಕೂಡ ಕೈ ಕೊಟ್ಟಿಲ್ಲ. ಬೆಲೆ ಜಾಸ್ತಿ ಅನ್ನಿಸಬಹುದು, ಕಣ್ಣು ಮುಚ್ಚಿ ತಗೊಳ್ಳಿ.

ಇನ್ನು ಸ್ಟಿಕ್. ಒಳಗೆ ಎರಡು ಪಾಟ್ ಇವೆ, ಅಂದರೆ ರೇಡಿಯೊದ ವಾಲ್ಯೂಮ್ ಕಂಟ್ರೋಲ್ ಥರದ್ದು. ಒಂದು ಎಡಬಲಕ್ಕೆ, ಒಂದು ಮೇಲೆ ಕೆಳಗೆ. ಎರಡೂ 500 ಕಿಲೋ ಓಮ್. ಕನ್ಸೋಲ್‌ನಲ್ಲಿರುವ ಪೋಕಿ ಎಂಬ ಚಿಪ್ ಇವುಗಳನ್ನು ಓದುತ್ತದೆ. ಆ ಹೆಸರು ಬಂದಿದ್ದೇ ಪೊಟೆನ್ಶಿಯೊಮೀಟರ್ (ಪಾಟ್‌ನ ಪೂರ್ತಿ ಹೆಸರು) ಮತ್ತು ಕೀಬೋರ್ಡ್ ಎರಡನ್ನೂ ಸೇರಿಸಿ. ನಲ್ಲಿ ಎಷ್ಟು ತಿರುಗಿದೆ ಅಂತ ನೋಡದೆ, ಕೊಡ ತುಂಬಲು ಎಷ್ಟು ಹೊತ್ತಾಯಿತು ಅಂತ ಎಣಿಸಿ ಹೇಳಿದ ಹಾಗೆ ಅದರ ಲೆಕ್ಕ. ಪಾಟ್ ಮೂಲಕ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ತಿನ ಪುಟ್ಟ ಕೊಡ, ತುಂಬುತ್ತದೆ, ಚಿಪ್ ಎಣಿಸುತ್ತಾ ಹೋಗುತ್ತದೆ, ಹೆಚ್ಚೆಂದರೆ 228ರ ತನಕ. ಪಾಟ್ ಒಳಗೆ ಧೂಳು ಕೂತರೆ ಎಣಿಕೆ ಕುಣಿಯುತ್ತದೆ, ಪರದೆ ಮೇಲಿನ ಗೊಂಬೆಯೂ ಕುಣಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆಚೆ ಈಚೆ ಆಡಿಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಅರ್ಥವಾದ ಮೇಲೆ ಸುಮ್ನೆ ಕೂರೋಕಾಗುತ್ತಾ? ನಡುವಿಗೆ ವಾಪಸ್ ಬರುವ ಸ್ಟಿಕ್ ಇಟ್ಟು ಇನ್ನೊಂದು ಕಂಟ್ರೋಲರ್ ಕಟ್ಟೋಣ ಅನ್ನಿಸಿತು. ಹೊಸ ಯೋಚನೆಯೇನಲ್ಲ, ಆ ಕಾಲದಲ್ಲೇ ವಿಕೊ ಕಂಪನಿ 5200ಕ್ಕೆ ಅಂಥ ಜಾಯ್‌ಸ್ಟಿಕ್ ಮಾರುತ್ತಿತ್ತು. ಹಳೇ ಪಿಸಿ ಜಾಯ್‌ಸ್ಟಿಕ್‌ಗೂ ಇದಕ್ಕೂ ಇರುವುದು ಅದೇ 15 ಪಿನ್ ಕನೆಕ್ಟರ್, ಹಾಗಾಗಿ ಕನೆಕ್ಟರ್ ಸುಲಭವಾಗಿ ಸಿಕ್ಕಿತು. ಹಾಗಂತ ಪಿಸಿ ಜಾಯ್‌ಸ್ಟಿಕ್ಕನ್ನೇ ಚುಚ್ಚಲು ಹೋಗಬೇಡಿ. ವೈರಿಂಗ್ ಬೇರೆ, ಅದರ ಪಾಟ್‌ಗಳೂ 100 ಕಿಲೋ ಓಮ್‌ನವು.

ನಾನು ಕೈ ಸುಟ್ಟುಕೊಂಡಿದ್ದು ಪಾಟ್ ತರಿಸುವಾಗ. 500 ಕಿಲೋ ಅಂತ ನೋಡಿ ಆರ್ಡರ್ ಮಾಡಿದೆ. ಬಂದಿದ್ದು 'ಎ' ಗುರುತಿನದು, ಗಿಟಾರ್ ವಾಲ್ಯೂಮ್‌ಗೆ ಹಾಕುವಂಥದ್ದು. ಅದರಲ್ಲಿ ಅರ್ಧ ತಿರುಗಿಸಿದರೆ ಅರ್ಧ ರೆಸಿಸ್ಟೆನ್ಸ್ ಸಿಗುವುದಿಲ್ಲ. ಸ್ಟಿಕ್ ನೆಟ್ಟಗೆ ನಿಂತಿದ್ದರೂ ಪ್ಯಾಕ್‌ಮ್ಯಾನ್ ಗೋಡೆಗೆ ಮೂತಿ ಒತ್ತಿಕೊಂಡೇ ಇದ್ದ. ಬೇಕಾಗಿದ್ದು ಲೀನಿಯರ್, 'ಬಿ' ಗುರುತಿನದು. ಎರಡು ವಾರ ಹೋಯಿತು.

ಹೊರಕವಚವನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದೆ. ಗೆಳೆಯನಿಗೆ ತೋರಿಸಲೆಂದು ಜುಲೈ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟಿದ್ದೆ, ಹಪ್ಪಳದ ಹಾಗೆ ಸೊಟ್ಟಗಾಯಿತು. ಈಗಿನದು ಪಿಇಟಿಜಿ, ಬಿಸಿಯನ್ನು ಇನ್ನಷ್ಟು ತಡೆಯುವ ಪ್ಲಾಸ್ಟಿಕ್. ಫೈರ್‌ಗೆ ಮೌಸ್‌ನಲ್ಲಿ ಇರುವಂಥ ಟಿಕ್ ಅನ್ನುವ ಸ್ವಿಚ್ ಹಾಕಿದ್ದೇನೆ. ಮೂಲದ್ದರ ಮೆತ್ತನೆ ಫೈರ್ ಬಟನ್‌ಗಿಂತ ಇದು ಎಷ್ಟೋ ವಾಸಿ. ಅರ್ಧ ಗಂಟೆ ಆಡಿದರೂ ಹೆಬ್ಬೆರಳು ನೋಯುವುದಿಲ್ಲ.

ಪ್ಯಾಕ್‌ಮ್ಯಾನ್‌ಗೆ ನಾನು ಕಟ್ಟಿದ್ದೇ ಸರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಸೂಪರ್ ಬ್ರೇಕ್‌ಔಟ್ ಹಾಕಿದ ದಿನ ಪೆಚ್ಚಾದೆ. ಹಲಗೆಯಿಂದ ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆಟ ಅದು, 5200ರ ಜೊತೆ ಮೊದಲು ಕೊಡುತ್ತಿದ್ದದ್ದು ಅದನ್ನೇ. ಅದರಲ್ಲಿ ಸ್ಟಿಕ್ ಎಲ್ಲಿದೆಯೋ ಹಲಗೆಯೂ ಅಲ್ಲೇ ಇರಬೇಕು. ನನ್ನದರಲ್ಲಿ ಸ್ಪ್ರಿಂಗ್ ಹಲಗೆಯನ್ನು ನಡುವಿಗೆ ಎಳೆಯುತ್ತದೆ, ಆಡುವವರು ಸ್ಪ್ರಿಂಗ್ ಜೊತೆ ಕುಸ್ತಿ ಮಾಡುತ್ತಿರಬೇಕು. ಹೋದ ವರ್ಷ ಶಿವಮೊಗ್ಗದಿಂದ ಬಂದಿದ್ದ ಅಮ್ಮ ಎರಡರಲ್ಲೂ ಆಡಿದರು. "ಅದು ಬೇಡ ಕಣೋ, ಎಳೀತದೆ. ಆ ಹಳೇದೇ ಕೊಡು, ಬಿಟ್ಟಲ್ಲೇ ಇರ್ತದೆ" ಅಂದರು. ಕಾಫಿ ಬಂದರೆ ಪಾಸ್ ಒತ್ತಿ ಕುಡಿಯುತ್ತಿದ್ದರು. ಲೋಟ ಇಟ್ಟು ನೋಡಿದರೆ ಹಲಗೆ ಬಿಟ್ಟ ಜಾಗದಲ್ಲೇ ಕಾಯುತ್ತಿರುತ್ತಿತ್ತು.

ಹಾಗಾಗಿ ಎರಡನ್ನೂ ಇಟ್ಟುಕೊಂಡಿದ್ದೇನೆ. ಚಿನ್ನದ ಹಾಳೆ ಹಾಕಿದ ಹಳೆಯದಕ್ಕೆ ಐದರಲ್ಲಿ ನಾಲ್ಕೂವರೆ. ನಾನು ಕಟ್ಟಿದ್ದಕ್ಕೆ ಮೂರೂವರೆ, ಕೀಪ್ಯಾಡ್ ಇನ್ನೂ ಹಾಕಿಲ್ಲ ಅಂತ ಅರ್ಧ ಕಳೆದಿದ್ದೇನೆ. ಸ್ಟಾರ್ ರೇಡರ್ಸ್ ಆಡಲು ಆ ಕೀಗಳು ಬೇಕೇ ಬೇಕು, ಆ ವೈರಿಂಗ್ ಮುಂದಿನ ರಜೆಗೆ. ಹ್ಞಾ, ಗ್ಯಾರೇಜ್ ಸೇಲ್‌ನ ಎರಡನೇ ಕಂಟ್ರೋಲರ್ ಇನ್ನೂ ಬಿಚ್ಚಿಲ್ಲ. ಅದಕ್ಕೂ ಒಂದು ಹಾಳೆ ತರಿಸಿಟ್ಟಿದ್ದೇನೆ, ಅಮ್ಮ ಮತ್ತೆ ಬರುವುದರೊಳಗೆ ಹಾಕಬೇಕು.