ಮೆಷಿನ್ ಓಡಿಸುವ ಹಳೇ ಕಂಪ್ಯೂಟರನ್ನು ಆಫೀಸ್ ಕಂಪ್ಯೂಟರ್ ರಿಪೇರಿಯವರ ಕೈಗೆ ಕೊಡಬೇಡಿ

ಮರ ಕೆತ್ತುವ ರೂಟರ್ ಇರಲಿ, ಮಿಲ್ಲಿಂಗ್ ಇರಲಿ, ಪ್ಲಾಸ್ಮಾ ಕಟಿಂಗ್ ಇರಲಿ, ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಮೆಷಿನ್ ಓಡಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾರಾದರೂ ಬಂದು "ಸರ್, ಎಕ್ಸ್‌ಪಿ ಕಾಲ ಮುಗೀತು, ವಿಂಡೋಸ್ 10 ಹಾಕಿಕೊಡ್ತೀವಿ, ನಿಮ್ಮ ಎಲ್ಲಾ ಸಾಫ್ಟ್‌ವೇರೂ ಓಡುತ್ತೆ" ಅಂದರೆ ಕಂಪ್ಯೂಟರ್ ಮುಟ್ಟಲೂ ಬಿಡಬೇಡಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹಿಂದೆ ಮುಂದೆ ಆದರೆ ಕ್ಷಮಿಸಿ.

ನಮ್ಮದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಚಿಕ್ಕ ಮರದ ಕೆತ್ತನೆ ವರ್ಕ್‌ಶಾಪ್. ತೇಗದ ಮೇನ್ ಡೋರ್, ದೇವರ ಮಂಟಪ, ಜಾಲಿ ಕೆಲಸ. ಒಂದು ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್) ಇದೆ, 4ಕ್ಕೆ 8 ಅಡಿ ಬೆಡ್. ಅದನ್ನು ಓಡಿಸುವುದು ಹಳೇ ಡ್ಯುಯಲ್ ಕೋರ್ ಕಂಪ್ಯೂಟರ್. ಎಕ್ಸ್‌ಪಿ, ಮೆಷಿನ್ನಿಗೆ ಆಜ್ಞೆ ಕೊಡುವ ಮ್ಯಾಕ್3 ಸಾಫ್ಟ್‌ವೇರ್, ಹಿಂದುಗಡೆ ಮೆಷಿನ್ ಕೇಬಲ್ ಹಾಕುವ 25 ಪಿನ್ನಿನ ಪ್ಯಾರಲಲ್ ಪೋರ್ಟ್. ಇದರಲ್ಲಿ ದುಡಿಯುವವರಿಗೆ ಇಷ್ಟು ಹೇಳಿದರೆ ಸಾಕು. ಇಂಟರ್ನೆಟ್ ಇಲ್ಲ, ಬೇಕಾಗಿಯೂ ಇಲ್ಲ. ಡಿಸೈನ್ ಪೆನ್‌ಡ್ರೈವ್‌ನಲ್ಲಿ ಬರುತ್ತದೆ, ಮೆಷಿನ್ ಕೆತ್ತುತ್ತದೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಹಾರ್ಡ್ ಡಿಸ್ಕ್ ಕರಕರ ಅಂತ ಶಬ್ದ ಮಾಡಲು ಶುರುವಾಯಿತು. ಪೂರ್ತಿ ಕೈಕೊಡುವ ಮೊದಲೇ ಬದಲಾಯಿಸೋಣ ಅಂತ ನಮ್ಮ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುವ ಅಂಗಡಿಯವರನ್ನು ಕರೆದೆ. ನಾನು ಕೇಳಿದ್ದು ಒಂದೇ ಮಾತು. "ಈ ಡಿಸ್ಕ್‌ನಲ್ಲಿ ಇರೋದನ್ನ ಇದ್ದದ್ದು ಇದ್ದ ಹಾಗೇ ಹೊಸ ಡಿಸ್ಕ್‌ಗೆ ಹಾಕಿಕೊಡಿ. ಏನೂ ಬದಲಾಯಿಸಬೇಡಿ." ಕ್ಲೋನಿಂಗ್ ಅಂತಾರಲ್ಲ, ಅದು. ಕ್ಲೋನ್‌ಜಿಲ್ಲಾ ಅಂತ ಪುಕ್ಕಟೆ ಸಾಫ್ಟ್‌ವೇರೇ ಇದೆ ಅದಕ್ಕೆ. ಸಿ ಡ್ರೈವ್ ತೆಗೆದು ಮ್ಯಾಕ್3 ಫೋಲ್ಡರ್ ಮೇಲೆ ಬೆರಳಿಟ್ಟು ತೋರಿಸಿದ್ದೆ. "ಮೆಷಿನ್ ಸೆಟ್ಟಿಂಗ್ ಎಲ್ಲಾ ಇದರಲ್ಲೇ ಇರೋದು, ಇದು ಹೋದ್ರೆ ನನ್ನ ಕೆಲಸವೇ ನಿಂತುಹೋಗುತ್ತೆ" ಅಂತಲೂ ಹೇಳಿದ್ದೆ. ನಮ್ಮ ಹುಡುಗ ಪಕ್ಕದಲ್ಲೇ ನಿಂತಿದ್ದ, ಅವನೇ ಸಾಕ್ಷಿ.

ಬಂದಿದ್ದ ಟೆಕ್ನಿಷಿಯನ್ ತಲೆಯಾಡಿಸಿದ. ಸಿಪಿಯು ಅಂಗಡಿಗೆ ಹೋಯಿತು. ಸಂಜೆ ಅಂಗಡಿಯ ಓನರ್ ಫೋನ್ ಮಾಡಿದರು. "ಸರ್, ಎಕ್ಸ್‌ಪಿಗೆ 2014ರಲ್ಲೇ ಸಪೋರ್ಟ್ ನಿಂತಿದೆ. ವೈರಸ್ ಬಂದ್ರೆ ನಾವು ಜವಾಬ್ದಾರಿ ಅಲ್ಲ. ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್, ವಿಂಡೋಸ್ 10 ಎಲ್ಲಾ ಸೇರಿ ₹6,500. ಹೊಸ ಕಂಪ್ಯೂಟರ್ ಥರಾನೇ ಓಡುತ್ತೆ." ಮ್ಯಾಕ್3 ಗತಿ ಏನು ಅಂತ ನಾನು ಮೊದಲು ಕೇಳಿದ್ದೇ ಅದನ್ನು. "ಕಂಪ್ಯಾಟಿಬಿಲಿಟಿ ಮೋಡ್ ಅಂತ ಇರುತ್ತೆ ಸರ್, ಟೆನ್ಷನ್ ತಗೋಬೇಡಿ. ಇಂಥವು ನಾವು ತುಂಬಾ ಮಾಡಿದ್ದೀವಿ." ಈ ಕಡೇ ಮಾತು ನೆನಪಿಟ್ಟುಕೊಳ್ಳಿ. ತುಂಬಾ ಮಾಡಿದ್ದೀವಿ.

ಎಕ್ಸ್‌ಪಿಗೆ ಸಪೋರ್ಟ್ ಮುಗಿದದ್ದು 2014ರ ಏಪ್ರಿಲ್ 8ಕ್ಕೆ, ಅದು ನಿಜ. ಆದರೆ ಅದರ ಜಾಗಕ್ಕೆ ಇವರು ಹಾಕಿದ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ. ಅದನ್ನು ಹೇಳಿದರಾ? ಇಲ್ಲ. ಸಪೋರ್ಟ್ ಇಲ್ಲ ಅಂತ ಹೆದರಿಸಿ ಒಂದನ್ನು ತೆಗೆದು, ಸಪೋರ್ಟ್ ಇಲ್ಲದ ಇನ್ನೊಂದನ್ನೇ ದುಡ್ಡು ತಗೊಂಡು ಹಾಕಿದ್ದಾರೆ.

ಅಂಗಡಿಗೆ ಹೋದಾಗ ಕಂಪ್ಯೂಟರ್ ಆನ್ ಮಾಡಿ ಇಟ್ಟಿದ್ದರು. ಮ್ಯಾಕ್3 ತೆಗೆದು ತೋರಿಸಿದರು. ಅದೇ ಪರದೆ. ರೀಸೆಟ್ ಬಟನ್ ಒತ್ತಿದರು, ಹಸಿರಾಯಿತು. ಕೀಬೋರ್ಡ್‌ನ ಬಾಣದ ಕೀ ಒತ್ತಿದರು. ಮೆಷಿನ್ ಎಷ್ಟು ಸರಿದಿದೆ ಅಂತ ತೋರಿಸುವ, ಎಕ್ಸ್ ಎದುರಿನ ಅಂಕಿ ಸರಸರ ಏರಿತು. ವೈ ಏರಿತು, ಝೆಡ್ ಇಳಿಯಿತು. "ನೋಡಿ ಸರ್, ಎಷ್ಟು ಸ್ಪೀಡ್ ಇದೆ." ಅಲ್ಲೇ ಯುಪಿಐ ಮಾಡಿಸಿಕೊಂಡರು. ಪಾಸಿಬಲ್ ಇಲ್ಲ ಅಂತ ಗೊತ್ತಿದ್ದೂ ತೋರಿಸಿದರೋ, ಗೊತ್ತಿಲ್ಲದೇ ತೋರಿಸಿದರೋ, ನನಗೆ ಎರಡೂ ಒಂದೇ.

ವರ್ಕ್‌ಶಾಪಿಗೆ ತಂದು ಕೇಬಲ್ ಹಾಕಿದೆ. ಮೋಟರಿಗೆ ಕರೆಂಟ್ ಕೊಡುವ ಡ್ರೈವ್ ಪ್ಯಾನೆಲ್ ಆನ್ ಮಾಡಿದೆ. ಬಾಣದ ಕೀ ಒತ್ತಿದೆ. ಪರದೆ ಮೇಲೆ ಎಕ್ಸ್ 10, 50, 120, 300 ಅಂತ ಓಡುತ್ತಿದೆ. ಮೆಷಿನ್ ನಿಂತಲ್ಲೇ ನಿಂತಿದೆ. ಬೆಡ್ ಮೇಲೆ ಓಡಾಡುವ ಗ್ಯಾಂಟ್ರಿ ಚೌಕಟ್ಟು ಒಂದು ಕೂದಲಷ್ಟೂ ಅಲುಗಲಿಲ್ಲ. ಮೋಟರಿನ ಸದ್ದೂ ಇಲ್ಲ. ಕೇಬಲ್ ತೆಗೆದು ಹಾಕಿದೆ, ಪ್ಯಾನೆಲ್ ಆಫ್ ಮಾಡಿ ಆನ್ ಮಾಡಿದೆ. ಅಂಕಿ ಮಾತ್ರ ಓಡುತ್ತಲೇ ಇತ್ತು. ತೇಗದ ಹಲಗೆ ಕ್ಲ್ಯಾಂಪ್ ಮಾಡಿ ಇಟ್ಟಿದ್ದೆವು. ಬಾಗಿಲಿನ ಗ್ರಾಹಕರೂ ಅಲ್ಲೇ ಇದ್ದರು, ಅವರ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಅವರು ಪರದೆ ನೋಡಿದರು, ಮೆಷಿನ್ ನೋಡಿದರು, ನನ್ನ ಮುಖ ನೋಡಿದರು. ಆ ಹೊತ್ತಿನ ಅವಮಾನ ಹೇಳಲು ಆಗುವುದಿಲ್ಲ.

ನಡೆದದ್ದು ಇಷ್ಟು. ಮ್ಯಾಕ್3ಗೂ ಪೋರ್ಟಿಗೂ ಕೊಂಡಿಯಾಗುವ ಪ್ಯಾರಲಲ್ ಪೋರ್ಟ್ ಡ್ರೈವರ್ 32 ಬಿಟ್ ವಿಂಡೋಸ್‌ಗೆ ಮಾತ್ರ ಇರುವುದು. 64 ಬಿಟ್‌ಗೆ ಇಲ್ಲವೇ ಇಲ್ಲ, ಯಾರೂ ಮಾಡಿಲ್ಲ. ಆ ಡ್ರೈವರ್ ಸೆಕೆಂಡಿಗೆ 25,000 ಪಲ್ಸ್ ವೇಗದಲ್ಲಿ ನೇರವಾಗಿ ಪೋರ್ಟಿಗೆ ಸಿಗ್ನಲ್ ಕೊಡಬೇಕು. ಡ್ರೈವರ್ ಇಲ್ಲದಿದ್ದರೂ ಪ್ರೋಗ್ರಾಂ ತೆರೆಯುತ್ತದೆ, ಅಂಕಿ ತೋರಿಸುತ್ತದೆ, ಬರೀ ಸಿಮ್ಯುಲೇಷನ್. ಹೊರಗೆ ಒಂದು ಪಲ್ಸೂ ಬರುವುದಿಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಪ್ರೋಗ್ರಾಮಿಗೆ ಇರುವುದು, ಡ್ರೈವರಿಗಲ್ಲ. ಅವರು ಹಾಕಿದ್ದು 64 ಬಿಟ್. ತುಂಬಾ ಮಾಡಿದ್ದೀವಿ ಅಂದವರಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ?

ಫೋನ್ ಮಾಡಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಪ್ರೋಗ್ರಾಂ ಓಡ್ತಾ ಇದ್ಯಲ್ಲ ಸರ್. ಮೆಷಿನ್ ಓಡಿಲ್ಲ ಅಂದ್ರೆ ಅದು ಮೆಷಿನ್ ಪ್ರಾಬ್ಲಂ. ಮೆಷಿನ್ ನಮ್ಮ ಸ್ಕೋಪ್ ಅಲ್ಲ."

ಬೆಳಿಗ್ಗೆವರೆಗೂ ಓಡಿದ ಮೆಷಿನ್ ಅದು.

ಮತ್ತೆ ಮಾಡಿದೆ. "ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ಬರುತ್ತೆ ಸರ್, ₹900. ಅದು ಹಾಕಿದ್ರೆ ಸರಿಹೋಗುತ್ತೆ." ಕೇಬಲ್ ತಂದು ಚುಚ್ಚಿದ್ದೂ ಆಯಿತು, ದುಡ್ಡು ತಗೊಂಡದ್ದೂ ಆಯಿತು. ಆ ಕೇಬಲ್ ಪ್ರಿಂಟರಿಗೆ ಮಾಡಿರುವುದು. ಮದರ್‌ಬೋರ್ಡ್‌ನ ಪೋರ್ಟಿಗೆ 378 ಅಂತ ಒಂದು ಅಡ್ರೆಸ್ ಇರುತ್ತದೆ, ಮ್ಯಾಕ್3 ನೇರ ಅದಕ್ಕೇ ಬರೆಯುತ್ತದೆ. ಯುಎಸ್‌ಬಿ ಕೇಬಲ್‌ಗೆ ಅಂಥ ಅಡ್ರೆಸ್ಸೇ ಇಲ್ಲ. ಅದರಿಂದ ಮೋಟರ್ ಓಡುವುದು ಸಾಧ್ಯವೇ ಇಲ್ಲ. ಆ ₹900 ಕೂಡ ಹೋಯಿತು.

ಆಮೇಲೆ ಮ್ಯಾಕ್3 500 ಸಾಲು ಸೂಚನೆಗೇ ನಿಲ್ಲುತ್ತದೆ ಅಂತ ಗೊತ್ತಾಯಿತು. ಲೈಸೆನ್ಸ್ ಫೈಲ್ ಇಲ್ಲದೆ ಡೆಮೋ ಆಗಿಬಿಟ್ಟಿತ್ತು. ಒಂದು ಬಾಗಿಲಿನ ಕೆತ್ತನೆಗೆ ಲಕ್ಷಗಟ್ಟಲೆ ಸಾಲು ಜಿ-ಕೋಡ್ (ಮೆಷಿನ್ನಿಗೆ ಕೊಡುವ ಸೂಚನೆ) ಬೇಕು. ನಾನು ದುಡ್ಡು ಕೊಟ್ಟು ಕೊಂಡ ಲೈಸೆನ್ಸ್ ಅದು. ಅದಕ್ಕೆ ಓನರ್ ಹೇಳಿದ್ದೇನು ಗೊತ್ತಾ? "ಕ್ರ್ಯಾಕ್ ಹಾಕಿಕೊಡ್ತೀವಿ ಬಿಡಿ ಸರ್." ನನ್ನ ಅಸಲಿ ಲೈಸೆನ್ಸ್ ಕಳೆದು, ಕಳ್ಳ ಮಾಲು ಹಾಕಿಕೊಡ್ತಾರಂತೆ!

ಸರಿ, ಬ್ಯಾಕಪ್ ಕೊಡಿ ಅಂದೆ. "ಬ್ಯಾಕಪ್ ಪಕ್ಕಾ ಇದೆ ಸರ್" ಅಂತ ಪೆನ್‌ಡ್ರೈವ್ ಕಳಿಸಿದರು. ತೆಗೆದು ನೋಡಿದೆ. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಹಳೇ ಆಯುಧಪೂಜೆ ಫೋಟೋಗಳು. ಅದರ ಮಧ್ಯೆ ಮ್ಯಾಕ್3 ಐಕಾನ್ ಕಂಡಿತು. ಉಸಿರು ಬಂದ ಹಾಗಾಯಿತು. ರೈಟ್ ಕ್ಲಿಕ್ ಮಾಡಿ ಸೈಜ್ ನೋಡಿದೆ. 2 ಕೆಬಿ. ಅದು ಶಾರ್ಟ್‌ಕಟ್. ಬರೀ ಐಕಾನ್! ಫೋಲ್ಡರ್ ಅಲ್ಲ. ಬೆರಳಿಟ್ಟು ತೋರಿಸಿದ ಫೋಲ್ಡರ್ ಬಿಟ್ಟು ಡೆಸ್ಕ್‌ಟಾಪ್ ಮೇಲಿದ್ದ ಬಾಣದ ಗುರುತಿನ ಐಕಾನ್ ಕಾಪಿ ಮಾಡಿ ಬ್ಯಾಕಪ್ ಅಂತ ಬಿಲ್‌ನಲ್ಲಿ ಬರೆದಿದ್ದಾರೆ. ಬಿಲ್ ನನ್ನ ಹತ್ತಿರ ಇದೆ. "ಡೇಟಾ ಬ್ಯಾಕಪ್ ₹500."

ಹಾಗಾದರೆ ಹಳೇ ಹಾರ್ಡ್ ಡಿಸ್ಕ್ ಕೊಡಿ, ಅದರಿಂದ ತೆಗೆಸಿಕೊಳ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಅದು ಎಕ್ಸ್‌ಚೇಂಜ್‌ಗೆ ತಗೊಂಡ್ವಿ ಸರ್. ಫಾರ್ಮ್ಯಾಟ್ ಮಾಡಿ ಇನ್ನೊಬ್ಬರ ಡಿವಿಆರ್‌ಗೆ ಹಾಕಿ ಆಯ್ತು."

ಎಕ್ಸ್‌ಚೇಂಜ್ ಅಂತ ನಾನು ಹೇಳಿಲ್ಲ. ಅವರು ಕೇಳಿಲ್ಲ. ಬಿಲ್‌ನಲ್ಲೂ ಇಲ್ಲ. ನನ್ನ ಡಿಸ್ಕ್, ನನ್ನ ಮೆಷಿನ್ ಜೀವ ಅದರಲ್ಲಿತ್ತು, ಯಾರದೋ ಮನೆ ಕ್ಯಾಮೆರಾ ರೆಕಾರ್ಡ್ ಮಾಡಲು ಮಾರಿಕೊಂಡಿದ್ದಾರೆ.

ಆ ಫೋಲ್ಡರಿನಲ್ಲಿ ಒಂದು ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಯಾವ ಪಿನ್ನಿಗೆ ಯಾವ ಮೋಟರ್, ಯಾವ ದಿಕ್ಕು, ಒಂದು ಎಂಎಂಗೆ ಎಷ್ಟು ಪಲ್ಸ್, ಹೋಮ್ ಸ್ವಿಚ್ ಎಲ್ಲಿ, ಸ್ಕ್ರೂ ಗೇರುಗಳ ಸಡಿಲ (ಬ್ಯಾಕ್‌ಲ್ಯಾಶ್) ಎಷ್ಟು, ಎಲ್ಲಾ ಅದರಲ್ಲೇ. ಪೆನ್‌ಡ್ರೈವ್‌ನ ಮೂಲೆಯಲ್ಲಿ ಹಿಡಿಸುವಷ್ಟು ಚಿಕ್ಕ ಫೈಲ್. ಮೆಷಿನ್ ಮಾಡಿಕೊಟ್ಟ ಕಂಪನಿ ಯಾವತ್ತೋ ಮುಚ್ಚಿದೆ. ಕೇಳೋಣ ಅಂದರೆ ಯಾರೂ ಇಲ್ಲ.

ಕೊನೆಗೆ ಉಳಿಸಿದವರು ಒಬ್ಬ ಹಳೇ ಮೆಷಿನ್ ಸರ್ವಿಸ್ ಇಂಜಿನಿಯರ್, ಈಗ ರಿಟೈರ್ಡ್. ಮೆಷಿನ್ ಜೊತೆ ಬಂದಿದ್ದ ಎಕ್ಸ್‌ಪಿ ಸಿಡಿಯನ್ನೇ ಮತ್ತೆ ಹಾಕಿದರು. ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯಾಸ್ ಸೆಟ್ಟಿಂಗಿನಲ್ಲಿ ಡಿಸ್ಕಿನ ಸಾಟಾ ಮೋಡನ್ನು ಹಳೇ ಐಡಿಇ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಎಕ್ಸ್‌ಪಿ ಹೊಸ ಡಿಸ್ಕಿಗೆ ಹತ್ತುವುದಿಲ್ಲ. ಲೈಸೆನ್ಸ್ ಫೈಲ್ ಕೊಂಡಾಗಿನ ಇಮೇಲ್‌ನಲ್ಲಿ ಸಿಕ್ಕಿತು, ಪುಣ್ಯ. ಆಮೇಲೆ ಒಂದೊಂದೇ ಆಕ್ಸಿಸ್‌ಗೆ (ಎಕ್ಸ್, ವೈ, ಝೆಡ್ ದಿಕ್ಕುಗಳಿಗೆ) ಒಂದು ಎಂಎಂಗೆ ಎಷ್ಟು ಪಲ್ಸ್ ಅನ್ನುವ ಲೆಕ್ಕ. ಝೆಡ್ ಸುಲಭ. ಮೋಟರಿಗೆ ಒಂದು ಸುತ್ತಿಗೆ 200 ಸ್ಟೆಪ್, ಡ್ರೈವ್‌ನಲ್ಲಿ 8 ಮೈಕ್ರೋಸ್ಟೆಪ್, ಅಂದರೆ 1,600. ಬಾಲ್‌ಸ್ಕ್ರೂ ಪಿಚ್ 5 ಎಂಎಂ. ಭಾಗಿಸಿದರೆ ಎಂಎಂಗೆ 320. ಆದರೆ ಎಕ್ಸ್ ಮತ್ತು ವೈ ಹಲ್ಲಿನ ಪಟ್ಟಿ ಮೇಲೆ ಗೇರ್ ಉರುಳುವ ರ‍್ಯಾಕ್ ಪಿನಿಯನ್. ಅಲ್ಲಿ ಹೀಗೆ ದುಂಡಗಿನ ಅಂಕಿ ಬರುವುದಿಲ್ಲ. 1,000 ಎಂಎಂ ಓಡಿಸು, ಸ್ಟೀಲ್ ಸ್ಕೇಲ್ ಇಟ್ಟು ಅಳೆ, ತಿದ್ದು, ಮತ್ತೆ ಓಡಿಸು.

ಗ್ಯಾಂಟ್ರಿಗೆ ಎರಡೂ ಬದಿ ಒಂದೊಂದು ಮೋಟರ್. ಒಂದು ಇನ್ನೊಂದಕ್ಕೆ ಸ್ಲೇವ್, ಅಂದರೆ ಅದು ಓಡಿದ ಹಾಗೇ ಇದೂ ಓಡಬೇಕು. ಟ್ರಯಲ್‌ನಲ್ಲಿ ಸ್ಲೇವ್ ದಿಕ್ಕು ಉಲ್ಟಾ ಇತ್ತು. ಕೀ ಒತ್ತಿದ ತಕ್ಷಣ ಎಡಬದಿ ಮುಂದೆ, ಬಲಬದಿ ಹಿಂದೆ ಎಳೆದು ಇಡೀ ಗ್ಯಾಂಟ್ರಿ ಕಿರ್ ಅಂತ ತಿರುಚಿಕೊಂಡಿತು. ಎಮರ್ಜೆನ್ಸಿ ಒತ್ತಿದ್ದರಿಂದ ಬೇರಿಂಗ್ ಉಳಿಯಿತು. ಆ ಫೈಲ್ ಇದ್ದಿದ್ದರೆ ಇದು ಯಾವುದೂ ಬೇಕಿರಲಿಲ್ಲ. ಬಾಗಿಲು ಮುಹೂರ್ತಕ್ಕೆ ಸಿಗಲಿಲ್ಲ. ಗೃಹಪ್ರವೇಶಕ್ಕೆ ಅವರು ಪ್ಲೈವುಡ್ ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಅಡ್ವಾನ್ಸ್ ವಾಪಸ್ ಕೊಟ್ಟೆ. ಅವರು ಇನ್ನೊಬ್ಬರನ್ನು ನನ್ನ ಹತ್ತಿರ ಕಳಿಸುವುದಿಲ್ಲ, ಅದೂ ಗೊತ್ತು.

ದುಡ್ಡು ವಾಪಸ್ ಕೇಳಿದರೆ ಅಂಗಡಿಯವರು, "ನೀವು ಬಿಸಿನೆಸ್ ಸರ್, ಗ್ರಾಹಕರ ಕೋರ್ಟ್ ನಿಮಗೆ ಬರಲ್ಲ" ಅಂತ ಹೆದರಿಸುತ್ತಾರೆ. ಸುಳ್ಳು. 2019ರ ಗ್ರಾಹಕ ಕಾಯ್ದೆಯಲ್ಲಿ ಹೊಟ್ಟೆಪಾಡಿನ ಸ್ವಂತ ದುಡಿಮೆಗೆ ಕೊಂಡದ್ದನ್ನು ವಾಣಿಜ್ಯ ಉದ್ದೇಶ ಅಂತ ಲೆಕ್ಕ ಹಾಕುವುದಿಲ್ಲ. ನಾನು ದಿನವೂ ಮೆಷಿನ್ ಮುಂದೆ ನಿಂತು ದುಡಿಯುವವನು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದಾದ ಮೇಲೆ ಅವರು ನನ್ನ ಫೋನ್ ಎತ್ತುತ್ತಿಲ್ಲ.

ನಿಮಗೆ ಹೇಳುವುದಿಷ್ಟೇ. ಮೆಷಿನ್ ಕಂಪ್ಯೂಟರ್ ಮೆಷಿನ್ನಿನದೇ ಒಂದು ಭಾಗ, ಟ್ಯಾಲಿ ಓಡಿಸುವ ಕಂಪ್ಯೂಟರ್ ಅಲ್ಲ. ಮ್ಯಾಕ್3 ಫೋಲ್ಡರ್ ಇವತ್ತೇ ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಪಿನ್ ಮತ್ತು ಮೋಟರ್ ಸೆಟ್ಟಿಂಗ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಎಕ್ಸ್‌ಪಿ ಓಡುತ್ತಿದ್ದರೆ ಓಡಲಿ, ನೆಟ್ ಕೊಡಬೇಡಿ. ಹೊಸ ವಿಂಡೋಸ್ ಬೇಕೇ ಬೇಕು ಅಂದರೆ ಪ್ಯಾರಲಲ್ ಪೋರ್ಟ್ ಬಿಟ್ಟು ಸ್ಮೂತ್‌ಸ್ಟೆಪ್ಪರ್ ಥರದ ಈಥರ್ನೆಟ್ ಅಥವಾ ಯುಎಸ್‌ಬಿ ಮೋಷನ್ ಕಂಟ್ರೋಲರ್ (ಪಲ್ಸ್ ಕೊಡುವ ಪ್ರತ್ಯೇಕ ಬೋರ್ಡ್) ಹಾಕಿಸಬೇಕು. ಕಂಪ್ಯೂಟರೇ ಬೇಡ ಅಂದರೆ ಕೈಯಲ್ಲಿ ಹಿಡಿದು ಮೆಷಿನ್ ಓಡಿಸುವ ಡಿಎಸ್‌ಪಿ ಹ್ಯಾಂಡಲ್. ಪ್ಯಾರಲಲ್ ಪೋರ್ಟೇ ಸಾಕು ಅನ್ನುವವರಿಗೆ ಲಿನಕ್ಸ್‌ಸಿಎನ್‌ಸಿ ಅನ್ನುವ ಸಾಫ್ಟ್‌ವೇರ್ ಇದೆ. ಇದೆಲ್ಲಾ ಮೆಷಿನ್ ಗೊತ್ತಿರುವವರ ಕೆಲಸ. ಸ್ಪಿಂಡಲ್ ಕಣ್ಣೆದುರು ಮರ ಕೊರೆಯುವವರೆಗೆ ಒಂದು ರೂಪಾಯಿ ಕೊಡಬೇಡಿ, ಪರದೆ ಮೇಲಿನ ಅಂಕಿ ನೋಡಿ ಅಂತೂ ಕೊಡಲೇಬೇಡಿ.

ಈಗಾಗಲೇ ಯಾವುದಾದರೂ ಅಂಗಡಿಗೆ ಸಿಪಿಯು ಕೊಟ್ಟು ಬಂದಿದ್ದರೆ ಇದನ್ನು ಓದುವುದು ಬಿಟ್ಟು ಈಗಲೇ ಹೋಗಿ. ಹಳೇ ಡಿಸ್ಕ್ ಕೈಗೆ ಇಸ್ಕೊಂಡು ಬನ್ನಿ.