ಎಡಗಾಲು ಇಂಗ್ಲೆಂಡಿಗೆ, ಬಲಗಾಲು ಜರ್ಮನಿಗೆ

ಎಡ ಮೊಣಕಾಲಿನ ಮೃದ್ವಸ್ಥಿ ಹರಿದಾಗ ನಾನು ಇಂಗ್ಲೆಂಡಿನಲ್ಲಿದ್ದೆ. ಆರು ವರ್ಷ ಕಳೆದು ಬಲಗಾಲಿಗೂ ಅದೇ ಗತಿ ಬಂದಾಗ ಜರ್ಮನಿಯಲ್ಲಿದ್ದೆ. ಎರಡು ದೇಶಗಳ ಆರೋಗ್ಯ ವ್ಯವಸ್ಥೆಯನ್ನು ತೂಗಿನೋಡಲು ಇಂಥ ತಕ್ಕಡಿ ಎಲ್ಲರಿಗೂ ಸಿಗುವುದಿಲ್ಲ, ಸಿಗದಿರಲಿ.

ಇಂಗ್ಲೆಂಡಿನಲ್ಲಿ ಬಡಾವಣೆಯ ವೈದ್ಯರು ಬರೆದುಕೊಡದೆ ಮೂಳೆತಜ್ಞರನ್ನು ಕಾಣುವಂತಿಲ್ಲ. ಆ ವೈದ್ಯರ ಭೇಟಿಗೋ ಬೆಳಿಗ್ಗೆ ಎಂಟು ಹೊಡೆಯುತ್ತಿದ್ದಂತೆ ಫೋನ್ ಮಾಡಬೇಕಿತ್ತು. ಐದು ನಿಮಿಷ ತಡವಾದರೆ ಸರದಿಯಲ್ಲಿ ಹದಿನೆಂಟನೆಯವರು. ಮೊದಲು ಫಿಸಿಯೋಥೆರಪಿಗೆ ಕಳಿಸಿದರು. ಎಂಆರ್‌ಐ ಆಗುವಷ್ಟರಲ್ಲಿ ಐದು ತಿಂಗಳು. ಬರೆದುಕೊಟ್ಟ 18 ವಾರಗಳೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿಯೇನೋ ಇದೆ, ದೇಶದ ಮಟ್ಟದಲ್ಲಿ ಅದು 2016ರಿಂದ ಈಡೇರಿಲ್ಲ. "ಮೈಸೂರಿಗೆ ಬಂದುಬಿಡು, ದುಡ್ಡು ಕಟ್ಟಿದರೆ ಅವತ್ತೇ ಸ್ಕ್ಯಾನ್ ಮಾಡುತ್ತಾರೆ" ಎಂದು ಅಮ್ಮ ಫೋನಿನಲ್ಲಿ ಹೇಳುತ್ತಲೇ ಇದ್ದರು.

ಆದರೆ ಶಸ್ತ್ರಚಿಕಿತ್ಸೆ ಮುಗಿಸಿ ಕುಂಟುತ್ತಾ ಹೊರಬರುವಾಗ, ಅಭ್ಯಾಸಬಲದಿಂದ ಬಿಲ್ಲಿನ ಕೌಂಟರ್ ಹುಡುಕಿದೆ. ಇರಲೇ ಇಲ್ಲ! ಪುಕ್ಕಟೆ ಎನ್ನಲಾರೆ: ನಮ್ಮಂಥವರಿಂದ ವೀಸಾದ ಜೊತೆಗೇ ಆರೋಗ್ಯ ಶುಲ್ಕ ವಸೂಲಾಗುತ್ತದೆ, ಈಗ ಅದು ವರ್ಷಕ್ಕೆ 1,035 ಪೌಂಡ್.

ಜರ್ಮನಿಯಲ್ಲಿ ವಿಮಾ ಕಾರ್ಡ್ ಹಿಡಿದು ನೇರವಾಗಿ ಮೂಳೆತಜ್ಞರ ಬಳಿಗೇ ಹೋದೆ. ಮೂರು ವಾರಗಳಲ್ಲಿ ಎಂಆರ್‌ಐ ಮುಗಿದಿತ್ತು. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೊ, ಔಷಧಿಗೆ 5ರಿಂದ 10 ಯೂರೊ. ಅಸಲಿ ಹೊಡೆತ ಸಂಬಳದ ಚೀಟಿಯಲ್ಲಿ. ಜರ್ಮನಿಯ ಅಂದಿನ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾನೂನು ಮಾಡಿ ಶುರುಮಾಡಿದ ಈ ವಿಮೆಗೆ ಇಂದು ಸಂಬಳದ 14.6 ಶೇಕಡಾ, ಮೇಲೊಂದಿಷ್ಟು ಹೆಚ್ಚುವರಿ ಕಂತು. ಅರ್ಧವನ್ನು ಮಾಲೀಕರು ಕಟ್ಟುತ್ತಾರೆ. ನನಗೆ ಹಿಡಿಸದ್ದು ಬೇರೆ. ಭೇಟಿಗೆ ಫೋನ್ ಮಾಡಿದರೆ, ನೋವೆಲ್ಲಿ ಎನ್ನುವ ಮೊದಲೇ "ಸಾರ್ವಜನಿಕ ವಿಮೆಯೋ, ಖಾಸಗಿಯೋ?" ಎಂದು ಕೇಳಿದರು. ಖಾಸಗಿಯವರಿಗೆ ಬೇಗ ಸಮಯ ಸಿಗುತ್ತದೆ ಎಂಬುದು ಅಲ್ಲಿನವರದೇ ಹಳೆಯ ದೂರು.

ಅಮೆರಿಕದ ಕಾಮನ್‌ವೆಲ್ತ್ ಫಂಡ್ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಹತ್ತು ಸಿರಿವಂತ ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ಹೋಲಿಸಿ ಬ್ರಿಟನ್ನಿಗೆ ಮೂರನೆಯ ಸ್ಥಾನ ಕೊಟ್ಟಿತು. ಜರ್ಮನಿ ಅದರ ಕೆಳಗೆ, ಅಮೆರಿಕ ಕಟ್ಟಕಡೆಗೆ. ನನ್ನ ಎಡಗಾಲು ಈ ಪಟ್ಟಿಯನ್ನು ಒಪ್ಪುವುದಿಲ್ಲ. ಮೊಣಕಾಲಿನ ಮಟ್ಟಿಗೆ ನನ್ನ ಮತ ಜರ್ಮನಿಗೇ. ಅಲ್ಲೇ ನೌಕರಿ ಬಿಟ್ಟು ಸ್ವಂತ ಕೆಲಸ ಹಿಡಿದ ಗೆಳೆಯನೊಬ್ಬನಿದ್ದಾನೆ. ಮಾಲೀಕರ ಪಾಲನ್ನೂ ಈಗ ಅವನೇ ಕಟ್ಟಬೇಕು. ಅವನು ಮಾತ್ರ ಪ್ರತಿ ತಿಂಗಳ ಕಂತಿನ ದಿನ ಇಂಗ್ಲೆಂಡನ್ನು ಹೊಗಳುತ್ತಾನೆ.